ಐದು ಗೇಣಿನ ದಾರ

ಬೆಳಗ್ಗೆ ಎಂದಿನಂತೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ಎರಡು ಜಡೆ ಹೆಣೆದು, ರಿಬ್ಬನ್ನಿಗಾಗಿ ಹೊಲಿಗೆಯ ಡಬ್ಬ ತಡಕುತ್ತಿದ್ದೆ. ಗುಂಡಿಗಳ ಅಡಿಯಿಂದ ರೇಷ್ಮೆ ದಾರವೊಂದು ಬೆರಳಿಗೆ ಸಿಕ್ಕಿಕೊಂಡು ಬಂತು. ಕುಂಕುಮದ ಬಣ್ಣ, ಗೇಣಿಗೊಂದು ಗಂಟು. ಇದೇನೆಂದು ಮಗಳು ಕೇಳಿದಳು. ಅಷ್ಟರಲ್ಲಿ ಶಾಲೆಯ ಆಟೋ ಬಂತು. ಸಂಜೆ ಹೇಳುತ್ತೇನೆಂದು ಕಳಿಸಿ, ದಾರ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ...

ಚಳ್ಳಕೆರೆಗೆ ಬರುವ ಮೊದಲು, ಮದುವೆಯಾದ ಹೊಸತರಲ್ಲಿ, ನಾವು ಮೊಳಕಾಲ್ಮೂರಿನಲ್ಲಿದ್ದೆವು. ಎದುರುಮನೆಯ ಅಕ್ಕ ರೇಷ್ಮೆ ಸೀರೆ ನೇಯುತ್ತಿದ್ದರು. ಓದು ಬರಹ ಬಾರದವರು. ಅವರ ಮಗಳು ಏಳನೇ ಕ್ಲಾಸಿನಲ್ಲಿದ್ದಳು, ಲೆಕ್ಕದಲ್ಲಿ ಹಿಂದೆ. ಪಬ್ಲಿಕ್ ಪರೀಕ್ಷೆಯಲ್ಲಿ ಫೇಲಾದರೆ ಶಾಲೆ ಬಿಡಿಸಿ ನೂಲು ಸುತ್ತಲು ಕೂರಿಸುವುದಾಗಿ ಅವಳ ಅಪ್ಪ ಹೇಳಿಬಿಟ್ಟಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅಕ್ಕ ಅವಳನ್ನು ನನ್ನ ಹತ್ತಿರ ಕಳಿಸಿದರು. ನಾನೂ ಕೆಂಪು ಪೆನ್ನು ಹಿಡಿದು ಟೀಚರಾದೆ.

ನನ್ನ ಪಾಠ ಮುಗಿದ ಮೇಲೆ ಅಕ್ಕನ ಮನೆಯಲ್ಲಿ ಇನ್ನೊಂದು ಪಾಠ. ಹುಡುಗಿ ಮಗ್ಗದ ಪಕ್ಕ ಕೂತು, ಅಂದು ಕಲಿತದ್ದನ್ನು ಅವ್ವನಿಗೆ ತಿಳಿಯುವ ಹಾಗೆ ಹೇಳಬೇಕು. ತಿಳಿಯುತ್ತಿರುವಷ್ಟು ಹೊತ್ತು ಅಕ್ಕನ ಕೈಯಲ್ಲಿ ನೂಲಿನ ಲಾಳಿ ಓಡುತ್ತಿತ್ತು. ಎಲ್ಲಿ ತಿಳಿಯದೋ ಅಲ್ಲಿ ನಿಲ್ಲುತ್ತಿತ್ತು.

ಒಂದು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದಾಗ ಲಾಳಿ ನಿಂತಿತ್ತು. ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿದರೆ ಐದರಲ್ಲೆರಡು ಪಾಲು ಎಂದು ಹುಡುಗಿ ಹೇಳಿದ್ದಳಂತೆ. ಹಾಗೆಂದರೆ ಎಷ್ಟೆಂದು ತೋರಿಸಲು ಅಕ್ಕ ಕೇಳಿದ್ದರು. ಅವಳು ಐದು ಗೇಣು ದಾರ ಅಳೆದು, ಗೇಣಿಗೊಂದು ಗಂಟು ಹಾಕಿ, ಎರಡು ಗೇಣು ಹಿಡಿದು ತೋರಿಸಿದಳು. ಅಕ್ಕ ಆ ದಾರವನ್ನು ಅರ್ಧಕ್ಕೆ ಮಡಚಿ ನೋಡಿದರು.

"ಅರ್ಧ ಸೀರೆ ನೇಯ್ದಾಗೈತೆ. ಅದರ ಮ್ಯಾಲೆ ಇನ್ನಷ್ಟು ನೇಯ್ದೆ. ಅರ್ಧಕ್ಕಿಂತ ಕಮ್ಮಿ ಹೆಂಗಾತವ್ವಾ?"

"ಆಂಟಿ ರೈಟ್ ಹಾಕ್ಯಾರಲ್ಲ," ಎಂದಳು ಹುಡುಗಿ.

"ರೈಟ್ ಇರ್ಲಿ. ಸೀರೆ ಎಲ್ಲಿ ಹೋತು ಹೇಳು."

ಒಗ್ಗರಣೆಯ ಅವಸರದಲ್ಲಿ ಸರಿಯಾಗಿ ನೋಡದೆ ರೈಟ್ ಎಳೆದಿದ್ದೆ. ತಪ್ಪು ನನ್ನದೆಂದೆ. ಅಕ್ಕ ನಕ್ಕು, "ತಪ್ಪಿದ ಕಡಿಂದ ಬಿಚ್ಚಿ ನೇಯ್ದ್ರಾತು ಬಿಡ್ರಿ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಆರು ಗೇಣಿನ ಇನ್ನೊಂದು ದಾರ ಅಳೆದಿದ್ದಳು. ಅರ್ಧವೆಂದರೆ ಮೂರು ಗೇಣು, ಮೂರರಲ್ಲೊಂದು ಪಾಲೆಂದರೆ ಎರಡು. ಒಟ್ಟು ಆರರಲ್ಲಿ ಐದು... ಲಾಳಿ ಓಡತೊಡಗಿತು.

ಅಂದಿನಿಂದ ಕೆಂಪು ಪೆನ್ನು ಎತ್ತಿಟ್ಟು, ನಾನೂ ಮಗ್ಗದ ಪಕ್ಕ ಕೂತು ಕೇಳತೊಡಗಿದೆ. ಹುಡುಗಿ ಪಾಸಾದಳು. ಊರು ಬಿಡುವಾಗ ಆ ಐದು ಗೇಣಿನ ದಾರವನ್ನು ಕೇಳಿ ಪಡೆದೆ.

ಅವಳೀಗ ತಳಕಿನ ಕಡೆಯ ಹಳ್ಳಿಯೊಂದರಲ್ಲಿ ಟೀಚರು. ಕೆಲಸದ ಆದೇಶ ಬಂದ ದಿನ ಅಕ್ಕ ಆ ಕಾಗದವನ್ನು ಅವಳಿಂದಲೇ ಎರಡು ಸಲ ಓದಿಸಿ, ಅರ್ಥ ಹೇಳಿಸಿಕೊಂಡ ಮೇಲೆಯೇ ಮತ್ತೆ ಮಗ್ಗಕ್ಕೆ ಕೂತರಂತೆ. ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ನನಗೆ ಸುದ್ದಿ ತಲುಪಿದ್ದು ತಿಂಗಳ ಮೇಲೆ...

ಸಂಜೆ ಜಗಲಿಯಲ್ಲಿ ಕೊತ್ತಂಬರಿ ಬಿಡಿಸುತ್ತಾ ದಾರದ ಕಥೆ ಹೇಳಿ, ಅದನ್ನು ಮಗಳ ಕೈಗಿತ್ತು, ಇವತ್ತಿನ ಪಾಠ ನನಗೆ ತಿಳಿಯುವ ಹಾಗೆ ಹೇಳು ಎಂದೆ. ಅವಳು ಗೇಣು ಹಾಕಿ ಹಾಕಿ ವಿವರಿಸುತ್ತಿದ್ದಳು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳೆಂದೆ. ಹಾಲಿಗೆ ಹೊರಟ ಪಕ್ಕದಮನೆಯವರು ಗೇಟಿನ ಬಳಿ ಒಂದು ಕ್ಷಣ ನಿಂತರು.

"ಏನ್ರಿ, ಕಾನ್ವೆಂಟಲ್ಲಿ ಓದಿದೋರು... ಇಷ್ಟೂ ಬರಲ್ವಾ ನಿಮ್ಗೆ?"