ಧ್ವಜಸ್ತಂಭದ ನೆರಳು

ಇಪ್ಪತ್ತು ವರ್ಷ ನಾನು ವಿಜ್ಞಾನ ಪಾಠ ಮಾಡಿದ್ದು ಗಂಟಲಿನ ಬಲದಿಂದ. ಪ್ರಶ್ನೆ ಕೇಳುವವಳೂ ನಾನೇ, ಉತ್ತರ ಹೇಳುವವಳೂ ನಾನೇ. ಜಯನಗರದಲ್ಲಿ ನಡೆದ ಶಿಕ್ಷಕರ ತರಬೇತಿಗೆ ಗೊಣಗಿಕೊಂಡೇ ಹೋದೆ. ಮಕ್ಕಳೇ ಪ್ರಶ್ನೆ ಹಾಕಿ, ಮಕ್ಕಳೇ ಉತ್ತರ ಹುಡುಕುವುದನ್ನು ಅಲ್ಲಿನ ಮಾದರಿ ತರಗತಿಯಲ್ಲಿ ಕಂಡ ಮೇಲೆ ನನ್ನ ಹಳೇ ಪಾಠ ನನಗೇ ಸಪ್ಪೆ ಎನಿಸಿತು. ನಾನೂ ಹಾಗೇ ಶುರು ಮಾಡಿದೆ. ಏಳನೇ ತರಗತಿಯ ನೋಟ್‌ಬುಕ್ಕುಗಳು ಖಾಲಿ ಇವೆ ಎಂದು ಪೋಷಕರು ದೂರು ತಂದರು.

ಹೆಡ್‌ಮಿಸ್ ನನ್ನನ್ನು ಕರೆದು, "ಒಂದು ಕ್ಲಾಸ್ ಬಂದು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ನೋಟ್ಸ್ ಬರೆಸೋಕೆ ಶುರು ಮಾಡಿ," ಎಂದರು.

ಆ ಫೆಬ್ರವರಿಯಲ್ಲಿ ಮಕ್ಕಳು ಹಿಡಿದಿದ್ದ ಪ್ರಶ್ನೆ, ನೆರಳು ಅತಿ ಚಿಕ್ಕದಾಗುವುದು ಯಾವಾಗ ಎಂದು. ಹನ್ನೆರಡಕ್ಕೆ ಎಂದು ಎಲ್ಲರ ಊಹೆ, ನನ್ನದೂ ಅದೇ. ಧ್ವಜಸ್ತಂಭದ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಹೋದರು. ಹೆಡ್‌ಮಿಸ್ ಕೊಡೆ ಹಿಡಿದು ನಿಂತಿದ್ದರು. ಹನ್ನೆರಡಾಯಿತು. ಗೆರೆ ಎಳೆಯುತ್ತಿದ್ದ ಹುಡುಗಿ ತಲೆಯೆತ್ತಿ, "ಮಿಸ್, ಇನ್ನೂ ಚಿಕ್ಕದಾಗ್ತಾ ಇದೆ," ಎಂದಳು.

ಹೆಡ್‌ಮಿಸ್ ಮುಖ ಬಿಗಿಯಿತು. ಅಷ್ಟರಲ್ಲಿ ನನಗೆ ಹೊಳೆಯಿತು: ಗಡಿಯಾರ ಇಡೀ ದೇಶಕ್ಕೆ ಒಂದೇ, ಸೂರ್ಯ ಮಾತ್ರ ಪೂರ್ವದ ಊರುಗಳನ್ನು ದಾಟಿಕೊಂಡು ನಮ್ಮಲ್ಲಿಗೆ ತಡವಾಗಿ ಬರುತ್ತಾನೆ. ಹೇಳಿಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ತುಟಿ ಕಚ್ಚಿಕೊಂಡು ನಿಂತೆ, ನಾಲಿಗೆ ತುರಿಸುತ್ತಿತ್ತು.

ಊಟದ ಬೆಲ್ ಹೊಡೆಯಿತು. ಒಬ್ಬರೂ ಕದಲಲಿಲ್ಲ. ಗಡಿಯಾರ ಮುಂದಿದೆ ಎಂದ ಒಬ್ಬ; ಇಬ್ಬರು ಓಡಿಹೋಗಿ ಆಫೀಸಿನ ಗಡಿಯಾರ ನೋಡಿ ಬಂದರು. ಕಂಬ ವಾಲಿದೆ ಎಂದಳು ಮತ್ತೊಬ್ಬಳು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದನ್ನೂ ಪರೀಕ್ಷಿಸಿದರು. ಹನ್ನೆರಡೂವರೆ ದಾಟಿದ ಮೇಲೆ ನೆರಳು ಮತ್ತೆ ಬೆಳೆಯತೊಡಗಿದಾಗ ಎದ್ದ ಗದ್ದಲಕ್ಕೆ ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಜನ ಬಂದು ನಿಂತರು. ನನಗೂ ಕೂಗಿಬಿಡುವಷ್ಟು ಖುಷಿಯಾಗಿತ್ತು.

ಹೆಡ್‌ಮಿಸ್ ಕೊಡೆ ಮಡಚಿ, ಗೆರೆಗಳ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಹನ್ನೆರಡಕ್ಕೆ ಯಾಕೆ ಆಗ್ಲಿಲ್ಲ? ಹೇಳಿ ಮೇಡಂ," ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವುದರೊಳಗೆ ಗೆರೆ ಎಳೆಯುತ್ತಿದ್ದ ಆ ಹುಡುಗಿ ಅಡ್ಡ ಬಂದಳು.

"ಮಿಸ್ ಹೇಳ್ಬಾರ್ದು ಮೇಡಂ. ನಾವು ಕಂಡುಹಿಡೀತೀವಿ. ನೀವೂ ನಾಳೆ ಬನ್ನಿ."

"ಎಷ್ಟೊತ್ತಿಗೆ ಬರ್ಲಮ್ಮ?" ಎಂದರು ಹೆಡ್‌ಮಿಸ್.