ಸೋರಿಕೆ ಅಕ್ಕ
ನಮ್ಮ ಪ್ರಯೋಗಾಲಯದ ಹಿರಿಯಕ್ಕನಿಗೆ ಸೋರುವುದೆಂದರೆ ಆಗದು. ಮೆದುಳಿನ ರಕ್ತನಾಳದ ಗೋಡೆ ಕಟ್ಟುವ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಳ್ಳಲು ಬೇಕಾದ ಪ್ರೋಟೀನನ್ನು ಅವು ತಯಾರಿಸಿವೆಯೋ ಇಲ್ಲವೋ ಎಂದು ನೀಲಿ ಬಣ್ಣ ಸುರಿದು ನೋಡುವುದು ಅವರ ಕೆಲಸ. ಕೋಶಗಳ ಪದರ ದಾಟಿ ಹನಿ ನೀಲಿ ಕೆಳಗಿಳಿದರೂ, "ಸೋಮಾರಿಗಳಾ, ಒಂದು ಹೊಲಿಗೆ ಹಾಕೋಕೂ ಬರಲ್ವಾ?" ಎಂದು ಕೋಶಗಳನ್ನೇ ಬೈಯುತ್ತಾರೆ. ನಮ್ಮ ಊಟದ ಡಬ್ಬಿಗಳನ್ನೂ ತಲೆಕೆಳಗು ಮಾಡಿ ಪರೀಕ್ಷಿಸುತ್ತಾರೆ. ನಲ್ಲಿ ತೊಟ್ಟಿಕ್ಕಿದರಂತೂ ಮೈಯೆಲ್ಲ ಉರಿ. ಮೊನ್ನೆ ಅವರ ತಮ್ಮನಿಗೆ, ಇದೇ ಗೋಡೆಯನ್ನು ಸೋರಿಸುವ ಮೆದುಳು ಜ್ವರದ ಅನುಮಾನ ಬಂತು. ಅವನ ರಕ್ತನಾಳಕ್ಕೂ ಆ ನೀಲಿಯಂತೆಯೇ ಸೋರಿಕೆ ತೋರಿಸುವ ಒಂದು ದ್ರವ ಚುಚ್ಚಿ ಸ್ಕ್ಯಾನ್ ಮಾಡಿದ ಡಾಕ್ಟರು ಇವತ್ತು ಫೋನಿನಲ್ಲಿ, "ಎಲ್ಲೂ ಸೋರಿಲ್ಲಮ್ಮ, ಗೋಡೆ ಗಟ್ಟಿಯಾಗಿದೆ" ಎಂದರು. ಅಕ್ಕ ತಟ್ಟೆಯತ್ತ ತಿರುಗಿ, "ನಿಮ್ಮ ಬಳಗ ಕೈಬಿಡಲಿಲ್ಲ ಕಣ್ರೇ" ಎಂದರು. ಆಮೇಲೆ ತೊಟ್ಟಿಕ್ಕುತ್ತಿದ್ದ ನಲ್ಲಿಯ ಪಕ್ಕದಲ್ಲೇ ಕೂತು, ಅದರ ಕಡೆ ನೋಡದೆ, ಹೊಟ್ಟೆ ತುಂಬ ಉಂಡರು.