ಪಕ್ಕದ ಮನೆಯ ಆಂಟಿಗೆ ಹೇಳಿದ ಒಂದು ಸುಳ್ಳು

ಕಳೆದ ವಾರ ಅಟ್ಲಾಂಟಾದಿಂದ ದಕ್ಷಿಣಕ್ಕೆ ಹೋಗುವಾಗ ಕಾರಿನೊಳಗೆ ಹೊಗೆಯ ವಾಸನೆ ಬಂತು. ಹೆದ್ದಾರಿಯ ಪಕ್ಕದ ಪೈನ್ ತೋಪಿನಲ್ಲಿ ಉದುರಿದ ಎಲೆಗೆ, ಪೊದೆಗೆ, ಮುಂದೆ ಕಾಳ್ಗಿಚ್ಚಾಗದಿರಲೆಂದು, ಬೇಕೆಂದೇ ಬೆಂಕಿ ಕೊಟ್ಟಿದ್ದರು. ರಾಳ ಬೆರೆತ ಆ ಹೊಗೆ ಮೂಗಿಗೆ ತಾಕಿದ್ದೇ ಪಕ್ಕದ ಮನೆಯ ಆಂಟಿ ನೆನಪಾದರು…

ಮೈಸೂರಿನವರು. ವಿಶ್ವವಿದ್ಯಾಲಯವೊಂದಕ್ಕಾಗಿ ಉಣ್ಣಿ ಎಣಿಸುವುದು ಅವರ ಕೆಲಸ. ನಾಯಿಗೂ ದನಕ್ಕೂ ಕಚ್ಚಿಕೊಳ್ಳುವ ಅದೇ ಉಣ್ಣಿ. ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಸಾಲಾಗಿ ನೆಟ್ಟ ಪೈನ್ ಮರಗಳ ನಡುವೆ ನಿಧಾನವಾಗಿ ಎಳೆದುಕೊಂಡು ಹೋಗಿ, ಅಂಟಿದ್ದನ್ನು ಚಿಮುಟದಿಂದ ತೆಗೆದು ಸೀಸೆಗೆ ಹಾಕುತ್ತಿದ್ದರು. ಬೆಂಕಿ ಕೊಟ್ಟ ಕಡೆ ಬಟ್ಟೆ ಹೆಚ್ಚುಕಡಿಮೆ ಖಾಲಿ. ಪೊದೆ ಬೆಳೆಯಲು ಬಿಟ್ಟ ಕಡೆ ಎಳ್ಳು ಚೆಲ್ಲಿದಂತೆ.

೨೦೨೧ರ ಬೇಸಿಗೆ. ನನಗೆ ಮನೆಯಿಂದಲೇ ಕೆಲಸ, ಮುಖ ನೋಡಿ ಮಾತಾಡಲು ಯಾರೂ ಇಲ್ಲ. "ಒಬ್ಳೇ ಕೂತು ಕೂತು ಮಂಕಾಗ್ಬಿಟ್ಟಿದೀಯ, ಶನಿವಾರ ನನ್ ಜೊತೆ ಬಾ," ಎಂದು ಆಂಟಿಯೇ ಕರೆದರು. ಅವರು ಬಟ್ಟೆ ಎಳೆದರೆ ನಾನು ಲೆಕ್ಕ ಬರೆದುಕೊಳ್ಳುತ್ತಿದ್ದೆ. ಆಮೇಲೆ ಕಾರಿನ ಟ್ರಂಕ್ ತೆರೆದು ಅದರಲ್ಲೇ ಕೂತು ಖೀಮಾ ಪರೋಟ ತಿನ್ನುತ್ತಿದ್ದೆವು… ಅಷ್ಟು ನೆಮ್ಮದಿಯ ಬೆಳಗುಗಳು ನನಗೆ ಮತ್ತೆ ಸಿಗಲಿಲ್ಲ.

ವಾಪಸಾದಾಗಲೆಲ್ಲ ಬಾಗಿಲಲ್ಲಿ ಒಂದೇ ಮಾತು: "ಸ್ನಾನ ಮಾಡಿ ಮೈಯೆಲ್ಲ ಚೆಕ್ ಮಾಡ್ಕೋ. ಮಂಡಿ ಹಿಂದೆ, ಕೂದಲೊಳಗೆ, ಎಲ್ಲಾ."

ಒಂದು ಶನಿವಾರ ಸುಸ್ತಾಗಿ ಹಾಗೆಯೇ ಮಲಗಿಬಿಟ್ಟೆ. ಮರುದಿನ ಅವರು ಕೇಳಿದಾಗ, "ಚೆಕ್ ಮಾಡ್ಕೊಂಡೆ ಆಂಟಿ," ಎಂದೆ.

ವಾರದ ನಂತರ ಜ್ವರ. ಕೋವಿಡ್ ಟೆಸ್ಟ್ ನೆಗೆಟಿವ್. ಎರಡು ದಿನ ನೋಡೋಣ ಎಂದು ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ಹೇಳಿದರು. ಸೂಪ್ ತಂದ ಆಂಟಿ ನನ್ನ ಮಣಿಕಟ್ಟಿನ ಕೆಂಪು ಚುಕ್ಕೆಗಳನ್ನು ಕಂಡವರೇ ಬಟ್ಟಲು ಕೆಳಗಿಟ್ಟರು. "ಏಳು, ಹಾಸ್ಪಿಟಲ್‌ಗೆ ಡ್ರೈವ್ ಮಾಡ್ತೀನಿ." ಅಲ್ಲಿ, ರಿಪೋರ್ಟಿಗೆ ಕಾಯಬೇಡಿ, ಈಗಲೇ ಔಷಧಿ ಶುರುಮಾಡಿ ಎಂದು ಪಟ್ಟು ಹಿಡಿದರು. ಉಣ್ಣಿಯಿಂದ ಬಂದ ಜ್ವರವೇ ಆಗಿತ್ತು. ಇನ್ನೆರಡು ದಿನ ತಡವಾಗಿದ್ದರೆ ನಾನು ಉಳಿಯುತ್ತಿದ್ದುದು ಅನುಮಾನವಂತೆ.

ಆಮೇಲೆ ಆಂಟಿ ನನ್ನನ್ನು ತೋಪಿಗೆ ಕರೆಯಲಿಲ್ಲ. ನಾನೇ ಕೇಳಿದರೆ, "ಬೇಡ ಕಣಮ್ಮ. ನನ್ನಿಂದಾನೇ ನಿಂಗೆ ಹಿಂಗಾಯ್ತು. ನಿಮ್ಮಮ್ಮಂಗೆ ಏನಂತ ಉತ್ತರ ಕೊಡ್ಲಿ?" ಎಂದರು. ನಿಜ ಹೇಳಲು ಬಾಯಿ ತೆರೆದೆ… ಭಯವೋ ನಾಚಿಕೆಯೋ, "ಪರವಾಗಿಲ್ಲ ಬಿಡಿ ಆಂಟಿ," ಎಂದಷ್ಟೇ ಹೇಳಿದೆ. ಶನಿವಾರಗಳಂದು ಅವರ ಕಾರು ಹೋಗುವುದನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಎರಡು ವರ್ಷದ ಮೇಲೆ ಅವರು ಪಕ್ಕದ ರಾಜ್ಯದ ಕೊಲಂಬಿಯಾ ನಗರದಲ್ಲಿದ್ದ ಮಗಳ ಮನೆಗೆ ಹೊರಟುಹೋದರು.

ಮೊನ್ನೆ ಮನಸ್ಸು ತಡೆಯದೆ ಫೋನ್ ಮಾಡಿದೆ. ಅವರ ಮಗಳು ಎತ್ತಿದಳು. ಆಂಟಿ ಕಳೆದ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು.

"ಅಮ್ಮಿ ನಿಮ್ ಬಗ್ಗೆ ಯಾವಾಗ್ಲೂ ಸ್ಯಾಡ್ ಆಗ್ತಿದ್ರು," ಎಂದಳು. "ನನ್ನಿಂದ ಆ ಹುಡುಗಿ ಸಿಕ್ ಆದ್ಲು ಅಂತ."

ಅವಳಿಗೆ ಎಲ್ಲವನ್ನೂ ಹೇಳಿದೆ.

"ಅಮ್ಮಿಗೆ ಹೇಳ್ಬೇಕಿತ್ತು, ಅಕ್ಕ."

ಹೌದು. ಎರಡು ವರ್ಷ ಒಂದೇ ಗೋಡೆಯ ಆಚೀಚೆ ಇದ್ದೆವು. ಹೇಳಲು ಒಂದು ನಿಮಿಷ ಸಾಕಿತ್ತು.